ಕೂಸುಗಳನ್ನು ಸಂತೈಸುವವರು

ತ್ರಿಪ್ಪುಣಿತ್ತುರದಲ್ಲಿ ನಮ್ಮ ನೆರೆಮನೆಯವರು ಅಂಗನವಾಡಿಯ ಅಧ್ಯಾಪಿಕೆ. ಅಳುವ ಕೂಸನ್ನು ಸೊಂಟದಲ್ಲಿರಿಸಿಕೊಂಡೇ ಅವರು ಉಳಿದ ಮಕ್ಕಳ ತೂಕವನ್ನು ಬರೆದುಕೊಳ್ಳುವರು. ಒಂದು ಸಂಜೆ, “ಮಾಷೇ, ಮಕ್ಕಳ ಅಳು ನನಗೆ ಭಾರವಲ್ಲ. ಆದರೆ ರಾತ್ರಿ ನಿದ್ದೆ ಬಾರದು, ಯಾರೊಡನೆ ಹೇಳಲಿ?” ಎಂದರು.

ಬಾಲಕರೇ, 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾಯಿತು. ಕೇರಳದಲ್ಲಿ ವೇಂಗರ, ನಮ್ಮ ನಾಡಿನಲ್ಲಿ ತಿರುಮಕೂಡಲು ನರಸೀಪುರ ಮೊದಲು ಅದನ್ನು ಕಂಡವು. ಶಿಶುವಿನ ಆಹಾರ, ಚುಚ್ಚುಮದ್ದು, ಆಟಪಾಠಗಳಿಗೆಲ್ಲ ಅದರಲ್ಲಿ ಎಡೆಯಿತ್ತು. ಸಾಕುವವಳ ಮನಸ್ಸಿಗೆ ಇರಲಿಲ್ಲ.

2022ರಲ್ಲಿ ತೊಡಗಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯನ್ನು ಬರೆದುಕೊಟ್ಟೆನು. “ನನಗೇನು ಹುಚ್ಚೇ?” ಎಂದು ನಕ್ಕರು. ದಣಿದ ಮನಸ್ಸಿನವರೂ ಕರೆಯಬಹುದು, ಹಣ ಬೇಡ, ಮಲಯಾಳದಲ್ಲಿಯೇ ಮಾತನಾಡಬಹುದು ಎಂದೆನು. ಮರುವಾರ ಕರೆದರಂತೆ, ಅರ್ಧ ಗಂಟೆ ಮಾತನಾಡಿದರಂತೆ. ಆದರೂ ಆಪ್ತಸಲಹೆಗಾರರೊಬ್ಬರು ತಿಂಗಳಿಗೊಮ್ಮೆ ಅಂಗನವಾಡಿಗೇ ಬಂದು, ಆ ಪುಟ್ಟ ಚಾಪೆಯ ಮೇಲೆಯೇ ಅವರೊಡನೆ ಕುಳಿತರೆ ಮೇಲೆಂದು ನನ್ನ ಮತ.