ಮೊಣಕಾಲಿನ ಆರು ತಿಂಗಳು

ಬೈಲಹೊಂಗಲ, ಸವದತ್ತಿಗಳ ಎರೆಭೂಮಿಯು ಮಳೆ ಬಿದ್ದೊಡನೆ ಕಾಲನ್ನು ಹಿಡಿದುಕೊಳ್ಳುವುದೆಂಬುದನ್ನು ಈ ಭಾಗದ ವಾಚಕರಿಗೆ ಹೇಳಬೇಕಾದುದಿಲ್ಲ. ಬೈಲಹೊಂಗಲದ ಸಮೀಪದ ಹಳ್ಳಿಯಲ್ಲಿ ಅರುವತ್ತನ್ನು ದಾಟಿದ ಗೃಹಸ್ಥರೊಬ್ಬರು ಆಷಾಢದ ಒಂದು ಸಂಜೆ ಹೊಲದಿಂದ ಮರಳುತ್ತಿರಲು, ಅವರ ಬಲಗಾಲು ಕೆಸರಿನಲ್ಲಿ ಹೂತು ದೇಹವು ಹಿಂದಕ್ಕೆ ವಾಲಿತು. ಬೀಳಬಾರದೆಂದು ತೊಡೆಯನ್ನು ಬಿಗಿದರು. ಒಳಗೆ ಹಗ್ಗ ಹರಿದಂತೆ ಸದ್ದಾಯಿತು. ಮನೆಗೆ ತಂದು ಮಲಗಿಸಿದಾಗ ಅವರನ್ನು ಹೆದರಿಸಿದುದು ನೋವಲ್ಲ. ಆ ಕಾಲನ್ನು ನೆಟ್ಟಗೆ ಮೇಲೆತ್ತಲು ಬಾರದಾಗಿತ್ತು.

ತೊಡೆಯ ಮುಂಭಾಗದ ಮಾಂಸಖಂಡವು ದಪ್ಪವಾದೊಂದು ಸ್ನಾಯುರಜ್ಜುವಿನಿಂದ ಮೊಣಕಾಲ ಚಿಪ್ಪನ್ನು ಹಿಡಿದಿರುತ್ತದೆ. ಚಿಪ್ಪಿನ ಕೆಳಗಿನ ಇನ್ನೊಂದು ರಜ್ಜುವು ಅದನ್ನು ಕೆಳಗಿನ ಎಲುಬಿಗೆ ಬಿಗಿಯುತ್ತದೆ. ಇವೆರಡರಲ್ಲಿ ಯಾವುದು ಪೂರ್ತಿ ಹರಿದರೂ ಕಾಲನ್ನು ಚಾಚುವ ಶಕ್ತಿಯು ಹೋಗುವುದು. ಜಾನುವನ್ನು ಮರ್ಮಸ್ಥಾನವೆಂದೂ, ಅಲ್ಲಿ ಪೆಟ್ಟಾದವನು ಕುಂಟನಾಗುವನೆಂದೂ ಸುಶ್ರುತಾಚಾರ್ಯರು ಹೇಳಿರುವರು. ಇಂದಿನ ಶಸ್ತ್ರವೈದ್ಯರಾದರೋ ಚಿಪ್ಪಿನಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ಗಟ್ಟಿಯಾದ ದಾರಗಳಿಂದ ರಜ್ಜುವನ್ನು ಮರಳಿ ಬಿಗಿಯಬಲ್ಲರು. ಎರಡು ಮೂರು ವಾರಗಳೊಳಗೆ ಆದರೆ ಮಾತ್ರ ಅದು ಸುಲಭ. ಬೆಳಗಾವಿಯಲ್ಲಿ ಈ ಗೃಹಸ್ಥರಿಗೆ ಐದನೆಯ ದಿನವೇ ಶಸ್ತ್ರಕ್ರಿಯೆಯಾಯಿತು.

ಕತ್ತರಿಯ ಕೆಲಸವು ಒಂದೆರಡು ಗಂಟೆಗಳದು, ಆಮೇಲಿನದೇ ವ್ರತ. ತೊಡೆಯಿಂದ ಪಾದದ ಗಂಟಿನ ಸಮೀಪದವರೆಗೆ ಕಾಲನ್ನು ನೆಟ್ಟಗೆ ಹಿಡಿದಿಡುವ ಬ್ರೇಸು, ಕಂಕುಳಲ್ಲಿ ಎರಡು ಊರುಗೋಲು. ಸಂಜೆಯಾದಂತೆ ಕಾಲು ಬಾಯುವುದು. ದಿಂಬುಗಳ ಮೇಲೆ ಎತ್ತರಿಸಿ ಇಡಬೇಕು. ರಕ್ತವು ಹೆಪ್ಪುಗಟ್ಟಬಾರದೆಂದು ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಮೀನಖಂಡವು ಬಾತು ನೊಂದರೆ, ಗಾಯದಿಂದ ಕೀವು ಬಂದರೆ, ಜ್ವರವೇರಿದರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಉಸಿರು ಕಟ್ಟಿದರಂತೂ ಒಂದು ಕ್ಷಣವೂ ತಡೆಯಲಾಗದು. ಕಿತ್ತೂರಿನ ಬೀಗರು ಎಣ್ಣೆಯ ಸೀಸೆಯೊಡನೆ ಬಂದರು. ರಾಮದುರ್ಗದ ಅಕ್ಕನವರು ಕಾಲನ್ನು ಹಿಚುಕಲು ಕುಳಿತೇಬಿಟ್ಟರು. ಪ್ರೀತಿಯಿಂದ ಬರುವ ಇಂಥ ಉಪಚಾರವನ್ನು ತಡೆಯುವುದು ರೋಗವನ್ನು ತಡೆಯುವುದಕ್ಕಿಂತ ಕಠಿಣ. ಸೊಸೆಯು ಎಣ್ಣೆಯನ್ನು ಗೌರವದಿಂದ ಪಡೆದು ದೇವರ ದೀಪಕ್ಕೆ ಉಪಯೋಗಿಸಿದಳು.

ದೇಹದ ನೋವಿಗಿಂತ ಮಾನದ ನೋವು ಹೆಚ್ಚಿನದು. ಶೌಚಕ್ಕೆ ಕಮೋಡಿನ ಕುರ್ಚಿ ಬಂದಿತು. ಪಂಕ್ತಿಯಲ್ಲಿ ಕೂಡುವಂತಿಲ್ಲ. ಗಣೇಶ ಚತುರ್ಥಿಯ ದಿನ ಮಣೆಯ ಮೇಲೆ ಮಗನು ಕುಳಿತನು. ತಂದೆಯು ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಮಂತ್ರ ಹೇಳಿದರು, ಆ ದಿನ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಅಮೇರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ನರು 1997ರ ಮಾರ್ಚಿನಲ್ಲಿ ಮೆಟ್ಟಿಲೆಡವಿ ಇಂಥದೇ ರಜ್ಜುವನ್ನು ಹರಿದುಕೊಂಡು, ಅದೇ ತಿಂಗಳು ಗಾಲಿಕುರ್ಚಿಯಲ್ಲಿ ಹೆಲ್ಸಿಂಕಿಗೆ ಹೋಗಿ ರಶಿಯದ ಅಧ್ಯಕ್ಷರನ್ನು ಕಂಡರೆಂದು ಮಗನು ಸಮಾಧಾನ ಹೇಳಿದನು. “ಅವರಿಗೆ ಮಣಿ ಮ್ಯಾಲೆ ಕೂಡೂದು ಇರಲಿಲ್ಲಲ್ಲ” ಎಂಬುದೇ ಉತ್ತರ.

ಎರಡು ವಾರಕ್ಕೆ ಮೇಲಿನ ಹೊಲಿಗೆಗಳನ್ನು ತೆಗೆದರು. ಗಾಯದ ಪಕ್ಕದ ಚರ್ಮವು ಜೋಮು ಹಿಡಿದಂತಿತ್ತು. ಬಲತೊಡೆಯು ಬಾಲಕನ ತೊಡೆಯಷ್ಟು ಸೊರಗಿತ್ತು. ಎರಡೂ ಸಾಮಾನ್ಯವೇ. ವೈದ್ಯರು ಹೇಳಿದಷ್ಟೇ ಅಂಶ, ವಾರವಾರಕ್ಕೆ ಸ್ವಲ್ಪ ಸ್ವಲ್ಪವಾಗಿ, ಮೊಣಕಾಲನ್ನು ಮಡಿಸಿಸುತ್ತ ಆರು ವಾರಗಳ ಹೊತ್ತಿಗೆ 90 ಅಂಶದವರೆಗೆ ತಂದರು.

ನಿಜವಾದ ಗಂಡಾಂತರವು ಬಂದುದು ಮೂರನೆಯ ತಿಂಗಳಲ್ಲಿ. ನೋವು ಅಡಗಿತ್ತು. ಆಶ್ವಯುಜದ ಹದ ಬಂದಿತ್ತು, ಬಿಳಿಜೋಳದ ಬಿತ್ತನೆ. ನಲವತ್ತು ವರುಷ ತಮ್ಮ ಕೈಯಿಂದಲೇ ಕೂರಿಗೆ ಹಿಡಿದವರು ಬೆಳಗಿನ ಜಾವದಲ್ಲಿ ಕೋಲನ್ನು ಮೂಲೆಗಿರಿಸಿ ಹೊಸ್ತಿಲು ದಾಟಿದರು. ಸೊಸೆಯು ಅಡ್ಡ ನಿಂತಳು.

“ಮಾವಾರ, ಬ್ಯಾನಿ ಹೋಗೇತಿ ಖರೆ, ಒಳಗಿನ ಹೊಲಿಗಿ ಇನ್ನೂ ಹಸಿ ಐತ್ರಿ.”

“ಹೊಲಕ್ಕ ಹೋಗೂದು ನೀ ನನಗ ಕಲಸ್ತೀಯೇನವಾ?”

“ಕಲಸೂದಲ್ರಿ. ಮತ್ತ ಹರದರ ಮೊದಲಿನಂಗ ಹೊಲಿಯಾಕ ಬರೂದಿಲ್ಲಂತ ಡಾಕ್ಟರ್ ಹೇಳ್ಯಾರ್ರಿ.”

ಆ ಮಾತು ಸತ್ಯವಾಗಿತ್ತು. ನೋವು ಹೋದ ಮೇಲೆಯೂ ರಜ್ಜುವು ಬಲಿಯಲು ತಿಂಗಳುಗಳು ಬೇಕು. ಭಾರದ ಕೆಲಸಕ್ಕೆ ಆರು ತಿಂಗಳಾದರೂ ಕಳೆಯಬೇಕು, ತೊಡೆಯ ಪೂರ್ಣ ಬಲಕ್ಕೆ ಕೆಲವೊಮ್ಮೆ ವರುಷವೇ ಹಿಡಿಯುವುದು. ಹಿರಿಯರು ಬಹಳ ಹೊತ್ತು ಹೊಸ್ತಿಲಲ್ಲಿಯೇ ನಿಂತಿದ್ದು, ಕಡೆಗೆ ಬದುವಿನ ಮೇಲೊಂದು ಕುರ್ಚಿ ಹಾಕಿಸಲು ಒಪ್ಪಿದರು. ಅಲ್ಲಿ ಕುಳಿತು ಮಗನ ಸಾಲುಗಳು ಸೊಟ್ಟಗಿವೆಯೆಂದು ಸಂಜೆಯವರೆಗೂ ಗೊಣಗಿದರು. ಸಾಲುಗಳು ನಿಜವಾಗಿಯೂ ಸೊಟ್ಟಗಿದ್ದವು.

ಮಾಘದ ಭಾರತ ಹುಣ್ಣಿಮೆಗೆ ಮನೆಮಂದಿಯೆಲ್ಲ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ವಾಹನದಲ್ಲಿ ಹೋದರು. ಮೆಟ್ಟಿಲುಗಳ ಬಳಿ ಸೊಸೆಯು ಬಾಯಿ ತೆರೆಯುವ ಮೊದಲೇ ಅವರು, “ಗೊತ್ತೈತಿ, ಏರೂವಾಗ ಚಲೋ ಕಾಲು ಮೊದಲ, ಇಳಿಯೂವಾಗ ಬ್ಯಾನಿ ಕಾಲು ಮೊದಲ” ಎಂದರು. ದರ್ಶನವಾದ ಮೇಲೆ ಎಲ್ಲರೂ ಊಟಕ್ಕೆ ನೆಲದ ಮೇಲೆ ಕುಳಿತರು. ಅವರು ಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕುಳಿತು, ಹೋಳಿಗೆಯನ್ನು ಇನ್ನೊಮ್ಮೆ ಬಡಿಸಲು ಹೇಳಿದರು.