ಶಂಖದಿಂದ ಕೊಳಲಿಗೆ ಅರೆಕ್ಷಣ

ಬೆಂಗಳೂರಿನಿಂದ ಮೈಸೂರಿಗೆ ಹೋಗುವವರಿಗೆ 2023ರ ನಂತರ ಚನ್ನಪಟ್ಟಣ ಕಾಣುವುದೇ ಅಪರೂಪ. ಹೊಸ ಹೆದ್ದಾರಿ ಊರನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗಿಬಿಟ್ಟಿದೆ. ಹಳೆಯ ರಸ್ತೆ ಹಿಡಿದವರಿಗೆ ಮಾತ್ರ ಸಾಲು ಸಾಲು ಗೊಂಬೆ ಅಂಗಡಿಗಳು, ಆಲೆಮರದ ಬುಗುರಿಗಳು, ಅರಗಿನ ಬಣ್ಣದ ಕುದುರೆಗಳು ಇಂದಿಗೂ ಸಿಕ್ಕುತ್ತವೆ. ಅಲ್ಲಿಂದ ಒಳನಾಡಿನ ಬಸ್ಸು ಹತ್ತಿದರೆ ತೆಂಗು, ಮಾವು, ಹಿಪ್ಪುನೇರಳೆ, ರಾಗಿ ಹೊಲಗಳ ಹಳ್ಳಿಗಳು. ಹೊಂಗನೂರು ಅವುಗಳಲ್ಲಿ ಒಂದು. 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿದ, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವೆಂದು ಬದಲಾಗುವುದನ್ನೂ ಕಂಡ ಸೀಮೆ ಇದು. ಹೆಸರು ಬದಲಾದರೂ ಸುಗ್ಗಿ ಮುಗಿದ ಮೇಲೆ ಇಲ್ಲಿನವರಿಗೆ ಬರುವ ಹುಚ್ಚು ಬದಲಾಗಿಲ್ಲ. ಅದು ಪೌರಾಣಿಕ ನಾಟಕದ ಹುಚ್ಚು.

ಹಳೆಯ ಮೈಸೂರಿನ ಈ ಭಾಗದಲ್ಲಿ ‘ಕುರುಕ್ಷೇತ್ರ’ ಆಡದ ಊರು ಕಡಿಮೆ. ಹಗಲು ರೇಷ್ಮೆಹುಳುವಿಗೆ ಸೊಪ್ಪು ಹಾಕಿದ ರೈತ ರಾತ್ರಿ ದುರ್ಯೋಧನನಾಗುತ್ತಾನೆ. ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವನು ಶಕುನಿಯಾಗುತ್ತಾನೆ. ಪಾತ್ರಕ್ಕೆ ಸಂಬಳವಿಲ್ಲ, ಪಾತ್ರ ಬೇಕಾದವನೇ ಹಣ ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಸೈನಿಕನಿಗೆ ಕಡಿಮೆ. ತಿಂಗಳುಗಟ್ಟಲೆ ಅಭ್ಯಾಸ. ಅದನ್ನು ನಡೆಸುವವರು ಹಾರ್ಮೋನಿಯಂ ಮೇಷ್ಟರು. ಮಾತು, ಕಂದಪದ್ಯ, ಹಾಡು, ನಡಿಗೆ ಎಲ್ಲವೂ ಅವರ ಬೆರಳ ತುದಿಯಲ್ಲಿ. ರಂಗದ ಮುಂದೆ, ಬದಿಗೆ ಸರಿದು, ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ ಇಟ್ಟುಕೊಂಡು ಎರಡು ಕೈಯಲ್ಲೂ ನುಡಿಸುವುದು ಕಂಪನಿ ನಾಟಕಗಳಿಂದ ಬಂದ ಪದ್ಧತಿ. ಪಕ್ಕದಲ್ಲಿ ತಬಲ. ಹಿಂದೆಲ್ಲ ಜೊತೆಗೆ ಒಂದು ಕ್ಲಾರಿಯೋನೆಟ್ ಇರುತ್ತಿತ್ತು.

ಈಗ ಆ ಮೂರನೆಯ ಕುರ್ಚಿಯಲ್ಲಿ ಹೆಚ್ಚಾಗಿ ಕೂರುವವನು ಕೀಬೋರ್ಡ್ ಹುಡುಗ. ಯಾವ ಕಂಪನಿಯದೇ ಆಗಲಿ ಹಳ್ಳಿಯವರ ಬಾಯಲ್ಲಿ ಅದು ‘ಕ್ಯಾಸಿಯೋ’. ಡಾಲ್ಡಾ ಎಂದರೆ ವನಸ್ಪತಿ ಎಂಬಂತೆ ಈ ಹೆಸರೂ ನಿಂತುಬಿಟ್ಟಿದೆ.

ಈ ಹುಡುಗನ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಕೃಷ್ಣನ ಪ್ರವೇಶಕ್ಕೆ ಶಂಖದ ನಾದ ಬೇಕು. ಪರದೆ ಪೂರ್ತಿ ಸರಿಯುವ ಹೊತ್ತಿಗೆ ಅದು ಕೊಳಲಾಗಬೇಕು. ಕೃಷ್ಣ ಬಾಯಿ ತೆರೆದ ಕೂಡಲೇ ಹಿಂದೆ ಪಿಟೀಲುಗಳ ಸಮೂಹ ಮೆಲ್ಲಗೆ ನಿಲ್ಲಬೇಕು. ಕರ್ಣನ ಸಾವಿಗೆ ಶಹನಾಯಿ, ಭೀಮನ ಗದೆಗೆ ಗುಡುಗು. ಒಂದೇ ರಾತ್ರಿಯಲ್ಲಿ ಇಂಥ ಬದಲಾವಣೆ ಲೆಕ್ಕವಿಲ್ಲದಷ್ಟು. ಪ್ರತಿಯೊಂದಕ್ಕೂ ಸಿಕ್ಕುವುದು ನಟ ಉಸಿರು ಎಳೆದುಕೊಳ್ಳುವಷ್ಟು ಸಮಯ. ಸಾಲ ಮಾಡಿ ಕರ್ಣನ ಪಾತ್ರ ಕಟ್ಟಿದವನು ಹೆಂಡತಿ ಮಕ್ಕಳು, ಬೀಗರ ಎದುರಿಗೆ ಸಾಯುವ ಗಳಿಗೆಯಲ್ಲಿ ತಪ್ಪು ಸದ್ದು ಬಂದರೆ ಆತನ ವರ್ಷದ ಆಸೆ ಅಲ್ಲಿಗೇ ಮುಗಿಯಿತು.

ತಪ್ಪು ಸದ್ದು ಬರುವುದು ಎಷ್ಟು ಸುಲಭ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕದಿಂದಲೇ ತಿಳಿಯಬಹುದು. ಬೇರೆ ಬೇರೆ ಕಂಪನಿಗಳ ವಿದ್ಯುನ್ಮಾನ ವಾದ್ಯಗಳು ಪರಸ್ಪರ ಮಾತಾಡಲೆಂದು 1983ರಲ್ಲಿ ‘ಮಿಡಿ’ ಎಂಬ ಸಂಕೇತ ಪದ್ಧತಿ ಬಂತು. ಇದರಲ್ಲಿ ಯಾವ ನಾದ ಬೇಕೆಂದು ಹೇಳಲು ಏಳು ಬಿಟ್‌ಗಳ ಒಂದು ಸಂಖ್ಯೆ ಸಾಕು. ಎರಡನ್ನು ಏಳು ಸಲ ಗುಣಿಸಿದರೆ 128. ಹೀಗಾಗಿ ಒಂದು ಗುಂಪಿಗೆ 128 ನಾದಗಳು. ಹೆಚ್ಚು ಬೇಕೆಂದರೆ ಇನ್ನೊಂದು ಗುಂಪಿಗೆ ಹೋಗಬೇಕು. 1991ರಲ್ಲಿ ಈ 128ಕ್ಕೂ ಎಲ್ಲರೂ ಒಪ್ಪಿದ ಪಟ್ಟಿಯೊಂದು ತಯಾರಾಯಿತು. ಅದರಲ್ಲಿ ಕೊಳಲು 74ನೆಯದು, ಸಿತಾರ್ 105, ಶಹನಾಯಿ 112. ವೀಣೆಗೆ ಜಾಗವೇ ಇಲ್ಲ. ಆದರೆ 125ನೆಯದು ಟೆಲಿಫೋನ್ ಗಂಟೆ, 126 ಹೆಲಿಕಾಪ್ಟರ್, 127 ಚಪ್ಪಾಳೆ, 128 ಗುಂಡಿನ ಸದ್ದು! ವೀಣೆಯನ್ನು ಬಿಟ್ಟು ಹೆಲಿಕಾಪ್ಟರಿಗೆ ಮಣೆ ಹಾಕಿದ ಪಟ್ಟಿ ಎಂಥವರದೆಂದು ಹೇಳಬೇಕಾಗಿಲ್ಲ. 112 ಒತ್ತಬೇಕಾದಲ್ಲಿ ಕತ್ತಲೆಯಲ್ಲಿ ಬೆರಳು ಜಾರಿ 125 ಬಿದ್ದರೆ ಕುರುಕ್ಷೇತ್ರದ ರಣರಂಗದಲ್ಲಿ ಫೋನು ಗಣಗಣಿಸುತ್ತದೆ.

ಆದ್ದರಿಂದ ತಿಳಿದವರು ಆಟದ ನಡುವೆ ಸಂಖ್ಯೆ ಒತ್ತಲು ಹೋಗುವುದಿಲ್ಲ. ಬೇಕಾದ ನಾದಗಳನ್ನು, ಅವು ಬರುವ ಕ್ರಮದಲ್ಲಿಯೇ, ಮೊದಲೇ ವಾದ್ಯದ ನೆನಪಿನಲ್ಲಿ ಕೂಡಿಸಿಟ್ಟಿರುತ್ತಾರೆ. ಯಮಾಹಾದವರು ಇದನ್ನು ‘ರಿಜಿಸ್ಟ್ರೇಶನ್ ಮೆಮೊರಿ’ ಎನ್ನುತ್ತಾರೆ. ಬೇರೆಯವರದು ಬೇರೆ ಹೆಸರು. ಒಂದು ಗುಂಡಿಗೆ ಒಂದು ಸನ್ನಿವೇಶ. ನಾದವಷ್ಟೇ ಅಲ್ಲ, ಅದರ ಗಟ್ಟಿತನ, ಗುಂಯ್‌ಗುಡುವ ಪ್ರಮಾಣ, ಶ್ರುತಿ ಎಲ್ಲವೂ ಆ ಗುಂಡಿಯಲ್ಲಿ ಅಡಗಿರುತ್ತವೆ. ಶ್ರುತಿಯ ವಿಷಯ ದೊಡ್ಡದು. ದುರ್ಯೋಧನನ ಶ್ರುತಿ ಬೇರೆ, ದ್ರೌಪದಿಯ ಶ್ರುತಿ ಬೇರೆ. ಹಾರ್ಮೋನಿಯಂ ಮೇಷ್ಟರು ಮನೆ ಬದಲಿಸಿ ನುಡಿಸಿಬಿಡುತ್ತಾರೆ. ಕೀಬೋರ್ಡಿನವನು ಗುಂಡಿ ಒತ್ತಿ ಶ್ರುತಿ ಏರಿಸಿಕೊಳ್ಳುತ್ತಾನೆ. ಇಳಿಸಲು ಮರೆತರೆ ಮುಂದಿನ ಹಾಡಿನಲ್ಲಿ ಇಬ್ಬರೂ ಎರಡು ಊರಿನಲ್ಲಿರುತ್ತಾರೆ.

ಇನ್ನೊಂದು ತೊಡಕು ಕಿವಿಗೆ ಮಾತ್ರ ಗೊತ್ತಾಗುವಂಥದು. ಹಳೆಯ ವಾದ್ಯಗಳಲ್ಲಿ ನಾದ ಬದಲಿಸಿದ ಕೂಡಲೇ ಹಿಂದಿನ ಸ್ವರ ಕತ್ತರಿಸಿದಂತೆ ನಿಂತುಹೋಗುತ್ತದೆ. ಯಂತ್ರ ಹಳೆಯ ನಾದವನ್ನು ಎತ್ತಿಟ್ಟು ಹೊಸದನ್ನು ತಂದುಕೊಳ್ಳುವಾಗ ಗಾಳಿಯಲ್ಲಿ ತೇಲುತ್ತಿದ್ದ ಅನುರಣನವೂ ಹೋಗುತ್ತದೆ. ತಂಬೂರಿ ಮೀಟಿ ಕೈಯಿಂದ ಅದುಮಿ ಹಿಡಿದ ಹಾಗೆ. 2011ರಲ್ಲಿ ಬಂದ ಕಾರ್ಗ್ ಕಂಪನಿಯ ಕ್ರೋನಾಸ್‌ನಂಥ ದುಬಾರಿ ವಾದ್ಯಗಳು ಹಳೆಯ ಸ್ವರ ತಾನಾಗಿ ಅಡಗುವವರೆಗೆ ಅದನ್ನು ಉಳಿಸಿಕೊಂಡೇ ಹೊಸ ನಾದಕ್ಕೆ ದಾರಿ ಬಿಡುತ್ತವೆ. ಹಳ್ಳಿಯ ನಾಟಕಕ್ಕೆ ಅಂಥದನ್ನು ಯಾರು ತರುತ್ತಾರೆ? ಇಲ್ಲಿ ನಡೆಯುವುದು ಕೈಚಳಕ. ಮಣೆಯನ್ನು ಎರಡು ಭಾಗ ಮಾಡಿ ಎಡಗೈಗೆ ಪಿಟೀಲು, ಬಲಗೈಗೆ ಕೊಳಲು ಇಟ್ಟುಕೊಂಡರೆ ಗುಂಡಿಯೇ ಬೇಡ. ಇಲ್ಲವೇ ಎರಡು ಕೀಬೋರ್ಡ್ ಮೇಲೆ ಕೆಳಗೆ ಜೋಡಿಸಿ, ಒಂದರಲ್ಲಿ ಸ್ವರ ಹಿಡಿದಿರುವಾಗ ಇನ್ನೊಂದರ ನಾದ ಬದಲಿಸುವುದು. ಎರಡೂ ಇಲ್ಲದವನು ತಬಲದ ಮುಕ್ತಾಯಕ್ಕೆ ಕಾಯುತ್ತಾನೆ. ಪೆಟ್ಟು ಬಿದ್ದ ಸದ್ದಿನಲ್ಲಿ ಕತ್ತರಿ ಆಡಿದ್ದು ಯಾರಿಗೂ ಕೇಳುವುದಿಲ್ಲ. ಇದಕ್ಕೆ ಬೇಕಾದದ್ದು ತಾಳಜ್ಞಾನ. ಅದು ಯಾವ ಅಂಗಡಿಯಲ್ಲೂ ಸಿಕ್ಕದು.

ವಿದ್ಯುತ್ತಿನ ಕಾಟ ಬೇರೆ. ಜನರೇಟರು ಕೆಮ್ಮಿ ದೀಪ ಮಂಕಾದರೆ ಕೀಬೋರ್ಡ್ ಆರಿ ಮತ್ತೆ ಹತ್ತುತ್ತದೆ. ಗುಂಡಿಯಲ್ಲಿ ಉಳಿಸಿಟ್ಟದ್ದು ಇರುತ್ತದೆ. ಆ ಹೊತ್ತಿಗೆ ತಿದ್ದಿಕೊಂಡಿದ್ದು ಹೋಗುತ್ತದೆ. ಅಷ್ಟು ಹೊತ್ತೂ ನಾಟಕವನ್ನು ಹಿಡಿದು ನಿಲ್ಲಿಸುವುದು ಕರೆಂಟೇ ಬೇಡದ ಹಾರ್ಮೋನಿಯಂ.

ಹಾಗೆ ನೋಡಿದರೆ ಆ ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ. ಪ್ಯಾರಿಸ್ಸಿನ ಡೆಬೈನ್ ಎಂಬಾತ 1842ರಲ್ಲಿ ಪೇಟೆಂಟ್ ಪಡೆದ ವಾದ್ಯ ಅದು. ಅದರ ಮುಂದಿನ ಗುಬುಟುಗಳನ್ನು ಎಳೆದು ಒಂದು ಸಾಲಿನ ನಾಲಗೆ ಬಿಟ್ಟು ಇನ್ನೊಂದು ಸಾಲಿಗೆ ಹೋಗುವುದೂ ನಾದ ಬದಲಿಸುವ ಕ್ರಮವೇ. ಗಮಕ ಬಾರದ ವಾದ್ಯವೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. ಸ್ವರದಿಂದ ಸ್ವರಕ್ಕೆ ಜಾರಲು ಅದಕ್ಕೆ ಬಾರದೆಂಬ ಆಕ್ಷೇಪಣೆ ಸುಳ್ಳಲ್ಲ. ತಮಾಷೆಯೆಂದರೆ, ಅದರ ಮೊಮ್ಮಗನಂತಿರುವ ಕೀಬೋರ್ಡಿಗೆ ಎಡಬದಿಯಲ್ಲಿ ಸ್ವರ ಬಾಗಿಸುವ ಒಂದು ಚಕ್ರ ಇದೆ. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನನ್ನು ಕಂಡೇ ಪುರಂದರದಾಸರು ‘ಜಗದೋದ್ಧಾರನ’ ರಚಿಸಿದರೆಂದು ಪ್ರತೀತಿ. ಕಾಪಿ ರಾಗದ ಆ ಕೀರ್ತನೆಯನ್ನು ಬರಿಯ ಮನೆಗಳ ಮೇಲೆ ಒತ್ತಿ ನುಡಿಸಿದರೆ ಮಗ್ಗಿ ಒಪ್ಪಿಸಿದಂತೆ ಕೇಳುತ್ತದೆ. ಎಡಗೈ ಚಕ್ರದ ಮೇಲಿದ್ದು ಸ್ವರವನ್ನು ಬಾಗಿಸಿದರೆ ಕಾಪಿಯ ಮುಖ ಕಾಣುತ್ತದೆ. ಆದರೆ ಎಡಗೈ ಚಕ್ರದ ಮೇಲಿದ್ದರೆ ನಾದ ಬದಲಿಸುವ ಗುಂಡಿಗೆ ಕೈಯೆಲ್ಲಿ? ಆಗ ಕಾಲಿಗೆ ಕೆಲಸ ಬರುತ್ತದೆ. ಕೆಲವು ವಾದ್ಯಗಳಲ್ಲಿ ಕಾಲೊತ್ತಿನಿಂದಲೇ ಮುಂದಿನ ನಾದಕ್ಕೆ ಹೋಗಬಹುದು. ತಿದಿ ತುಳಿಯುತ್ತಿದ್ದ ಮೇಷ್ಟರ ಪಕ್ಕದಲ್ಲಿ ಹುಡುಗನೂ ಏನನ್ನೋ ತುಳಿಯುತ್ತಿರುತ್ತಾನೆ.

ನಾದದ ವ್ಯವಹಾರ ಈ ಊರಿಗೆ ಹೊಸತೇನೂ ಅಲ್ಲ. ಗೊಂಬೆಯಿಂದ ಹೆಸರಾದ ಚನ್ನಪಟ್ಟಣ ಒಂದು ಕಾಲದಲ್ಲಿ ತಂತಿಗೂ ಹೆಸರಾಗಿತ್ತೆಂಬುದು ಇಂದಿನ ಮಕ್ಕಳಿಗೆ ತಿಳಿಯದು. ಟಿಪ್ಪುವಿನ ಪತನವಾದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನೂ ಅದು ದೂರದೂರಿಗೆ ಹೋಗುತ್ತಿದ್ದುದನ್ನೂ ದಾಖಲಿಸಿದ್ದಾನೆ. ಮುಂದೆ ಗೆಜೆಟಿಯರುಗಳಲ್ಲೂ ಆ ಮಾತು ಬಂತು. ಯಾರದೋ ಊರಿನ ವೀಣೆ ಚನ್ನಪಟ್ಟಣದ ಉಕ್ಕಿನಲ್ಲಿ ಮಿಡಿಯುತ್ತಿತ್ತು. ಕಾರ್ಖಾನೆಯ ತಂತಿ ಬಂದ ಮೇಲೆ ಆ ಕಸುಬು ಕಣ್ಮರೆಯಾಯಿತು. ಬುಗುರಿ, ಗಿಲಕಿಗಳ ಕಸುಬು ಉಳಿಯಿತು. ಹೆದ್ದಾರಿಯಲ್ಲಿ ರಾಮನಗರದ ಕಡೆಗೆ ತುಸು ಹೋದರೆ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಸಿಕ್ಕುತ್ತದೆ. ಅಲ್ಲಿನ ಸಂಗ್ರಹದಲ್ಲಿ ಜನಪದ ವಾದ್ಯಗಳಿವೆ. ಶಾಲೆಯಿಂದ ಪ್ರವಾಸ ಹೋದ ಮಕ್ಕಳು ಅಲ್ಲಿ ಓಡುತ್ತ ಹೋಗದೆ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು. ಕೀಬೋರ್ಡಿನ ಗುಂಡಿಯಲ್ಲಿ ಅಡಗಿರುವ ಸದ್ದುಗಳ ಮೂಲರೂಪ ಹೇಗಿರುತ್ತದೆಂದು ಆಗ ಅಂದಾಜು ಸಿಕ್ಕೀತು.

ಏಕೆಂದರೆ ಈ ಗುಂಡಿಗಳಿಂದ ನಷ್ಟವಾದದ್ದು ನಿಜವಾದ ಮನುಷ್ಯರಿಗೆ. ಕ್ಲಾರಿಯೋನೆಟ್ಟಿನವರಿಗೆ ಬೇರೆ ಸಂಭಾವನೆ, ಬೇರೆ ಊಟ, ಬೇರೆ ಬಸ್ ಚಾರ್ಜು ಕೊಡಬೇಕಾಗಿತ್ತು. ಕೊಳಲು, ಪಿಟೀಲು, ಶಹನಾಯಿ ಮೂವರ ಕೆಲಸವನ್ನು ಒಬ್ಬ ಹುಡುಗ ಮಾಡುವುದಾದರೆ ಊರಿನ ನಾಟಕ ಮಂಡಳಿಗೆ ಉಳಿತಾಯವೇ. ಅವರನ್ನು ದೂರಿ ಫಲವಿಲ್ಲ. ಸೀನರಿ, ಮೈಕು, ಪ್ರಸಾಧನ, ಪೆಂಡಾಲು ಎಂದು ಅವರ ಜೇಬು ಆಗಲೇ ಬರಿದಾಗಿರುತ್ತದೆ. ಆದರೆ ನಟ ಹಾಡಿನ ನಡುವೆ ಸಾಲು ಮರೆತು ಹಿಂದಿನ ಸಾಲಿಗೇ ಹೋದಾಗ ಅವನೊಡನೆ ಹಿಂದಿರುಗುತ್ತಿದ್ದ ಕ್ಲಾರಿಯೋನೆಟ್ಟಿನ ಮುದುಕನ ಜಾಣ್ಮೆ ಕ್ರಮವಾಗಿ ಜೋಡಿಸಿಟ್ಟ ಗುಂಡಿಗಳಿಗೆ ಬಾರದು. ಹುಡುಗ ಅದನ್ನು ಕಲಿಯಬೇಕಾದದ್ದು ಮೇಷ್ಟರ ಮುಖ ನೋಡಿಯೇ. ಒಳ್ಳೆಯ ಹುಡುಗರು ನೋಡುತ್ತಾರೆ. ಉಳಿದವರು ಗಾಜಿನ ಪರದೆ ನೋಡುತ್ತಾರೆ.

ಮಕ್ಕಳಿಗೆ ಕೀಬೋರ್ಡ್ ಕೊಡಿಸಬೇಕೆಂದಿರುವ ತಂದೆತಾಯಿಯರು ಅಂಗಡಿಯವನು ಎಷ್ಟು ನೂರು ನಾದ ಇದೆಯೆಂದು ಹೇಳುತ್ತಾನೆ ಎಂಬುದಕ್ಕೆ ಮರುಳಾಗಬೇಕಾಗಿಲ್ಲ. ಮನೆಗಳು ಒತ್ತಿದ ಬಿರುಸಿಗೆ ತಕ್ಕಂತೆ ನುಡಿಯುತ್ತವೆಯೇ, ಸ್ವರ ಬಾಗಿಸುವ ಚಕ್ರ ಇದೆಯೇ, ಬೇಕಾದ ಜೋಡಣೆಗಳನ್ನು ಉಳಿಸಿಡಬಹುದೇ ಎಂದು ಕೇಳಲಿ. ಯಮಾಹಾದವರು ಭಾರತಕ್ಕೆಂದೇ ಮಾಡಿದ ಪಿಎಸ್‌ಆರ್-ಐ ಸಾಲಿನ ವಾದ್ಯಗಳಲ್ಲಿ, ರೋಲ್ಯಾಂಡ್‌ನ ಎಕ್ಸ್‌ಪಿಎಸ್-10ರಲ್ಲಿ ನಮ್ಮ ನಾದಗಳೂ ಸೇರಿವೆ. 128ರ ಆ ಪಟ್ಟಿಗೆ ಇದು ತಡವಾಗಿ ಬಂದ ಉತ್ತರ. ಮೊದಲ ಆರು ತಿಂಗಳು ಒಂದೇ ನಾದದಲ್ಲಿ, ಹಾಡಿಕೊಂಡು ನುಡಿಸಲಿ. ಕೊಳಲಿನ ಗುಂಡಿ ಒತ್ತಿ ಪಿಯಾನೋದಂತೆ ಹತ್ತು ಬೆರಳೂ ಊರಿದರೆ ಅದು ಯಾವ ಕೊಳಲು? ಕೊಳಲಿಗೆ ಒಂದು ಸಲಕ್ಕೆ ಒಂದೇ ಸ್ವರ, ನಡುವೆ ಉಸಿರಿಗೊಂದು ಬಿಡುವು. ಆ ಬಿಡುವು ಅಭ್ಯಾಸವಾದರೆ ನಾದ ಬದಲಿಸುವ ಜಾಗವೂ ತಾನಾಗಿಯೇ ಸಿಕ್ಕುತ್ತದೆ.

ಮಂಗಳ ಹಾಡುವ ಹೊತ್ತಿಗೆ ಪೂರ್ವದಲ್ಲಿ ಬೆಳಕು ಹರಿದಿರುತ್ತದೆ. ದುರ್ಯೋಧನ ಕಿರೀಟ ಬಿಚ್ಚಿ ಹಾಲು ಕರೆಯಲು ಹೋಗುತ್ತಾನೆ. ಹುಡುಗ ವೈರುಗಳನ್ನು ಸುತ್ತಿ, ಕೀಬೋರ್ಡನ್ನು ಚೀಲಕ್ಕೆ ಇಳಿಸಿ, ಚನ್ನಪಟ್ಟಣದ ಮೊದಲ ಬಸ್ಸಿಗೆ ಕಾಯುತ್ತಾನೆ. ನಿದ್ದೆಗಣ್ಣಿನಲ್ಲಿಯೇ ಮುಂದಿನ ಊರಿನ ಪಟ್ಟಿ ತೆಗೆದು ನೋಡುತ್ತಾನೆ. ಅಲ್ಲಿ ‘ಕುರುಕ್ಷೇತ್ರ’ವಲ್ಲ, ‘ದಕ್ಷಯಜ್ಞ’. ಕೊಳಲಿನ ಗುಂಡಿಗೆ ಈಗ ಡಮರು ಬರಬೇಕು.