ಬೆರಳು ಓದುವ ಪುಸ್ತಕ

ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋದವರು ಆ ಕೆಂಪು ಕಟ್ಟಡದ ಮುಂದೆ ಫೋಟೊ ತೆಗೆಸಿಕೊಳ್ಳದೆ ಬರುವುದು ಕಡಿಮೆ. ಎದುರಿಗೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ, ಹಿಂದೆ ಅವರದೇ ಹೆಸರಿನ ಭವನ. ಅದೇ ರಾಜ್ಯ ಕೇಂದ್ರ ಗ್ರಂಥಾಲಯ. ಶಿವನಸಮುದ್ರದ ವಿದ್ಯುತ್ ಯೋಜನೆ ಈ ದಿವಾನರ ಕಾಲದ್ದು. ತಮಾಷೆ ನೋಡಿ, ಅವರ ಭವನದಲ್ಲೇ ದೀಪ ಬೇಡದ ಓದೂ ಇದೆ. ಅದು ಅಂಧರಿಗಾಗಿರುವ ಬ್ರೈಲ್ ವಿಭಾಗ.

ಬ್ರೈಲ್ ಪುಸ್ತಕದಲ್ಲಿ ಶಾಯಿ ಇರುವುದಿಲ್ಲ. ದಪ್ಪ ಕಾಗದದ ಮೇಲೆ ರಾಗಿಕಾಳಿನ ಹಾಗೆ ಎದ್ದ ಚುಕ್ಕೆಗಳು, ಅಷ್ಟೇ. ಒತ್ತಿದರೆ ಚುಕ್ಕೆ ಚಪ್ಪಟೆಯಾದೀತೆಂದು ಕಪಾಟಿನಲ್ಲಿ ತುರುಕುವಂತಿಲ್ಲ. ನಿಮ್ಮ ಬ್ಯಾಗಿನ ಒಂದೇ ಪಠ್ಯಪುಸ್ತಕ ಬ್ರೈಲಿನಲ್ಲಿ ಹಲವು ಸಂಪುಟವಾಗುತ್ತದೆ.

ಮಕ್ಕಳೇ, ಲೂಡೊ ದಾಳದ ಆರರ ಮುಖ ನೆನಪಿಸಿಕೊಳ್ಳಿ. ಆ ಆರು ಚುಕ್ಕೆಗಳಲ್ಲಿ ಯಾವುವು ಎದ್ದಿವೆ ಎಂಬುದೇ ಅಕ್ಷರ. ಫ್ರಾನ್ಸಿನ ಲೂಯಿ ಬ್ರೈಲ್ 1824ರಲ್ಲಿ ಇದನ್ನು ರೂಪಿಸಿದಾಗ ಅವನಿಗೆ 15 ವರ್ಷ, ಅವನೂ ಅಂಧ. ನಮ್ಮ ಭಾಷೆಗಳಿಗೆ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಬಂತು. ಎಡಗಡೆಯ ಮೇಲಿನದು, ಕೆಳಗಿನದು ಎರಡೇ ಎದ್ದರೆ ಕನ್ನಡದಲ್ಲೂ ‘ಕ’, ಹಿಂದಿ, ತಮಿಳಿನಲ್ಲೂ ‘ಕ’. ಗುಡಿಸು, ಕೊಂಬುಗಳ ರಗಳೆ ಇಲ್ಲ. ‘ಕ’ದ ಪಕ್ಕ ‘ಇ’ ಇಟ್ಟರೆ ‘ಕಿ’. ಕಾಗುಣಿತದ ಜೊತೆ ಗುದ್ದಾಡುವ ಒಂದನೇ ಕ್ಲಾಸಿನವರು ಹೊಟ್ಟೆಕಿಚ್ಚು ಪಟ್ಟಾರು!

ಫೋನೇ ಓದಿ ಹೇಳುತ್ತದಲ್ಲ, ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಕೇಳುವ ಪುಸ್ತಕ ಖಂಡಿತ ಬೇಕು. ಇಳಿವಯಸ್ಸಿನಲ್ಲಿ ಕಣ್ಣು ಮಂಜಾದ ಅಜ್ಜ, ಅಜ್ಜಿಯರಿಗೆ ಹೊಸ ಲಿಪಿ ಕಲಿಯುವುದಕ್ಕಿಂತ ದೊಡ್ಡಕ್ಷರದ ಪುಸ್ತಕ, ಇಲ್ಲವೇ ಓದಿ ಹೇಳುವ ಧ್ವನಿಯೇ ಹಿತ. ಅಂಥವರಿಗೂ ಒದಗುವ ಸುಗಮ್ಯ ಪುಸ್ತಕಾಲಯ ಎಂಬ ಅಂತರ್ಜಾಲ ಗ್ರಂಥಾಲಯ 2016ರಲ್ಲಿ ಶುರುವಾಯಿತು. ಆದರೆ ಅಕ್ಷರ ಕಲಿಯುವ ಮಗುವಿಗೆ ಕೇಳಿದ್ದಷ್ಟೇ ಸಾಲದು. ‘ಹ’ಕಾರ ನುಂಗಿ ಮಾತಾಡುವ ಊರಿನಲ್ಲಿ ಅಕ್ಕಿ ಯಾವುದು, ಹಕ್ಕಿ ಯಾವುದು ಎಂದು ಬೆರಳಿಗೆ ಗೊತ್ತಾಗಬೇಕು. ಇನ್ನೊಂದು ಮಾತು: ಓದಿ ಹೇಳುವವರಿಗೆ ಬಿಡುವಾಗಲಿ ಎಂದು ಕಾಯುವುದು ಬೇರೆ, ಬೇಸರದ ಪುಟ ಹಾರಿಸಿ, ಚೆಂದದ ಸಾಲಿಗೆ ಮತ್ತೆ ಮತ್ತೆ ಮರಳುತ್ತ ತಾನೇ ಓದಿಕೊಳ್ಳುವುದು ಬೇರೆ.

ಇಂಥ ಭಾರದ ಪುಸ್ತಕಗಳನ್ನು ಊರಿಂದೂರಿಗೆ ಕಳಿಸುವುದು ಹೇಗೆ? ಅದಕ್ಕೆ ಅಂಚೆ ಇಲಾಖೆ ಇದೆ. 7 ಕಿಲೊವರೆಗಿನ ಬ್ರೈಲ್ ಕಟ್ಟಿಗೆ ಸಾಮಾನ್ಯ ಅಂಚೆಯಲ್ಲಿ ಸ್ಟಾಂಪು ಹಚ್ಚಬೇಕಿಲ್ಲ.